ಈಚೆಗೆ ಓದಿದ ನಾಲ್ಕು ಪುಸ್ತಕಗಳು ಮತ್ತು ನಮ್ಮ ಮೊಹಲ್ಲಾ

(ಮೊಹಲ್ಲಾ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಓದುಗರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನಾನು ಸಾಹಿತಿಯಲ್ಲ, ಧಾರ್ಮಿಕ ವಿದ್ವಾಂಸನೂ ಅಲ್ಲ. ನೌಕರಿಯಿಂದ ನಿವೃತ್ತನಾದ ಮೇಲೆ ಕೈಗೆ ಸಿಕ್ಕಿದ್ದನ್ನು ಓದುವ ಒಬ್ಬ ಸಾಮಾನ್ಯ ಓದುಗ. ‘ಈ ವರ್ಷ ನೀವು ಓದಿದ ಪುಸ್ತಕಗಳ ಕುರಿತು ನಾಲ್ಕು ಮಾತು ಹೇಳಿ’ ಎಂದು ಕಾರ್ಯದರ್ಶಿಗಳು ಆಜ್ಞಾಪಿಸಿದಾಗ, ಯಾವ ಪುಸ್ತಕಗಳ ಬಗ್ಗೆ ಹೇಳುವುದು ಎಂಬುದಕ್ಕಿಂತ ಯಾವುದನ್ನು ಈ ಸಭೆಯಲ್ಲಿ ಹೇಳಬಹುದು ಎಂಬ ಆಲೋಚನೆಯೇ ನನ್ನನ್ನು ಹೆಚ್ಚು ಕಾಡಿತು. ಏಕೆಂದರೆ ನಾನು ಆರಿಸಿಕೊಂಡಿರುವ ನಾಲ್ಕೂ ಪುಸ್ತಕಗಳು ನಮ್ಮನ್ನು ಹೊಗಳುವ ಪುಸ್ತಕಗಳಲ್ಲ. ಅವುಗಳಲ್ಲಿ ಎರಡು ಕಥಾಸಾಹಿತ್ಯ, ಒಂದು ಶತಮಾನದ ಹಿಂದಿನ ಓರ್ವ ಮಹಿಳೆಯ ಬರಹ, ಇನ್ನೊಂದು ಸರಕಾರಿ ವರದಿ. ವರದಿಯೂ ಒಂದು ಪುಸ್ತಕವೇ ಎಂಬುದು ನನ್ನ ಅಭಿಪ್ರಾಯ. ಅದನ್ನು ಓದದೆಯೇ ಅದರ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರು ನಮ್ಮಲ್ಲಿ ಧಾರಾಳವಾಗಿ ಇರುವುದರಿಂದ ಅದನ್ನು ಪುಸ್ತಕವೆಂದು ಪರಿಗಣಿಸಿ ಓದುವುದು ಇನ್ನಷ್ಟು ಅಗತ್ಯವಾಗಿದೆ.

ಮೊದಲನೆಯದು ವೈಕಂ ಮುಹಮ್ಮದ್ ಬಷೀರರ ಕಿರು ಕಾದಂಬರಿ. ‘ನನ್ನ ಅಜ್ಜನಿಗೊಂದು ಆನೆ ಇತ್ತು’ ಎಂಬರ್ಥದ ಅದರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಮಲೆಯಾಳದಲ್ಲಿ ಅದು ಪ್ರಕಟವಾದದ್ದು 1951ರಲ್ಲಿ. ಆರ್.ಇ. ಆಶರ್ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ನಾನು ಓದಿದ್ದು ಆ ಅನುವಾದವನ್ನು. ಮಲೆಯಾಳ ಬಲ್ಲ ಮಿತ್ರರೊಬ್ಬರು ಪಕ್ಕದಲ್ಲಿ ಕುಳಿತು ಕೆಲವು ಮಾತುಗಳ ಸ್ವಾರಸ್ಯವನ್ನು ಬಿಡಿಸಿ ಹೇಳಿದರು.

ಕಥೆ ಬಹಳ ಸರಳವಾಗಿದೆ. ಕುಂಞುಪಾತುಮ್ಮ ಎಂಬ ಮುಗ್ಧ ಹುಡುಗಿ. ಅವಳ ತಾಯಿಗೆ ದಿನಕ್ಕೆ ಹತ್ತು ಸಲ ಹೇಳಲು ಒಂದೇ ಮಾತಿದೆ: ತನ್ನ ತಂದೆ ದೊಡ್ಡ ಮನುಷ್ಯ, ಆತನಿಗೊಂದು ಆನೆ ಇತ್ತು. ಕುಟುಂಬವು ವ್ಯಾಜ್ಯದಲ್ಲಿ ಆಸ್ತಿಯನ್ನೆಲ್ಲ ಕಳೆದುಕೊಂಡು ಪುಟ್ಟ ಮನೆಗೆ ಬಂದು ಬಿದ್ದಿದೆ. ಆದರೂ ಆನೆ ಹೋಗಿಲ್ಲ. ಆನೆಯ ಗತ್ತಿನಲ್ಲಿಯೇ ತಾಯಿ ಓಡಾಡುತ್ತಾಳೆ, ಆನೆಯ ಗತ್ತಿನಲ್ಲಿಯೇ ನೆರೆಯವರನ್ನು ಹಳಿಯುತ್ತಾಳೆ. ಹುಡುಗಿಗೆ ಮಾತ್ರ ಒಂದಕ್ಷರವೂ ಬಾರದು. ಪಕ್ಕದ ಮನೆಗೆ ಓದಿದ ಕುಟುಂಬವೊಂದು ಬಂದಾಗ, ಅಲ್ಲಿಯ ಆಯಿಷಾ ಎಂಬ ಯುವತಿ ಈ ಹುಡುಗಿಗೆ ಅಕ್ಷರ ಕಲಿಸುತ್ತಾಳೆ. ಕಾದಂಬರಿಯ ಕೊನೆಗೆ ಆ ಆನೆಯ ನಿಜಸಂಗತಿ ಬಯಲಾಗುವುದು ಬೀದಿಯ ಮಕ್ಕಳ ಬಾಯಿಂದ. ಅದು ಕುಳಿಯಾನೆ! ಮರಳಿನಲ್ಲಿ ಪುಟ್ಟ ಗುಳಿ ತೋಡಿ, ಅದರ ತಳದಲ್ಲಿ ಅವಿತು ಕುಳಿತು ಇರುವೆ ಹಿಡಿಯುವ ಹುಳುವಿಗೆ ಮಲೆಯಾಳದಲ್ಲಿ ಹಾಗೆನ್ನುತ್ತಾರಂತೆ.

ನಗು ತರಿಸುವ ಪುಸ್ತಕವಿದು. ನಾನೂ ನಕ್ಕೆ. ಆದರೆ ಮಿತ್ರರೇ, ಪುಸ್ತಕ ಮುಚ್ಚಿಟ್ಟ ಬಳಿಕ ನಾವು ವರ್ಷವಿಡೀ ಕೇಳುವ ಭಾಷಣಗಳು ನನಗೆ ನೆನಪಾದವು. ಕಾರ್ಡೋವಾದ ಗ್ರಂಥಾಲಯ, ಬಗ್ದಾದಿನ ವಿದ್ವಾಂಸರು, ಟಿಪ್ಪು ಸುಲ್ತಾನರ ರಾಕೆಟ್ಟು: ಇವು ಮೂರೂ ಇಲ್ಲದ ಭಾಷಣವನ್ನು ನಾನು ನಮ್ಮ ಯಾವ ಸಮಾವೇಶದಲ್ಲಿಯೂ ಕೇಳಿದ ನೆನಪಿಲ್ಲ. ಕಾರ್ಡೋವಾ ಸುಳ್ಳಲ್ಲ, ಬಗ್ದಾದ್ ಸುಳ್ಳಲ್ಲ, ಟಿಪ್ಪುವಿನ ರಾಕೆಟ್ಟಂತೂ ಸುಳ್ಳಲ್ಲವೇ ಅಲ್ಲ. ಅವು ನಿಜವಾದ ಆನೆಗಳು. ಆದರೆ ಬಷೀರರ ಪ್ರಶ್ನೆ ಆನೆ ಇತ್ತೇ ಇಲ್ಲವೇ ಎಂಬುದಲ್ಲ ಎಂದು ನನಗನ್ನಿಸುತ್ತದೆ. ಅಜ್ಜನ ಅಂಗಳದಲ್ಲಿ ನಿಜವಾದ ಆನೆಯೇ ನಿಂತಿದ್ದರೂ ಮೊಮ್ಮಗಳಿಗೆ ಅಕ್ಷರ ಕಲಿಸಿದವಳು ಪಕ್ಕದ ಮನೆಯ ಹುಡುಗಿಯೇ ಹೊರತು ಆನೆಯಲ್ಲ.

ಬಷೀರರು ಈ ಪುಸ್ತಕ ಬರೆದಾಗ ದೇಶ ವಿಭಜನೆಯಾಗಿ ನಾಲ್ಕೇ ವರ್ಷಗಳಾಗಿದ್ದವು. ಸಮುದಾಯ ಭಯದಲ್ಲಿದ್ದ ಕಾಲವದು. ‘ಇಂಥ ಸಮಯದಲ್ಲಿ ನಮ್ಮ ಮನೆಯ ತಾಯಂದಿರ ಬಗ್ಗೆ ಹೀಗೆ ಬರೆಯಬೇಕಿತ್ತೇ?’ ಎಂದು ಅಂದೂ ಕೇಳಬಹುದಿತ್ತು. ಬರೆಯಲು ಅನುಕೂಲವಾದ ಸಮಯವೆಂಬುದು ನಮಗೆ ಎಂದು ಬಂದಿದೆ?

ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಎರಡನೆಯ ಪುಸ್ತಕಕ್ಕೆ ಬರುತ್ತೇನೆ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ನಾನು ಬಿಡಿಬಿಡಿಯಾಗಿ ಹಿಂದೆಯೇ ಓದಿದ್ದೆ. 2025ರ ಮೇ 20ರಂದು ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಸಂದದ್ದೂ ಅದೇ ಮೊದಲು. ಆಗ ನಾನು ಕಥೆಗಳನ್ನು ಮತ್ತೊಮ್ಮೆ, ಈ ಬಾರಿ ಸಾವಕಾಶವಾಗಿ, ಕನ್ನಡದಲ್ಲಿಯೇ ಓದಿದೆ. ‘ಎದೆಯ ಹಣತೆ’ಯಲ್ಲಿ ಗಂಡನಿಂದ ತಿರಸ್ಕೃತಳಾದ ಮೆಹರುನ್ ತವರಿಗೆ ಬಂದರೆ ಅಣ್ಣತಮ್ಮಂದಿರು ಮರ್ಯಾದೆಯ ಹೆಸರಿನಲ್ಲಿ ಅವಳನ್ನು ಅದೇ ಮನೆಗೆ ಮರಳಿ ತಂದು ಬಿಡುತ್ತಾರೆ. ‘ಕರಿನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು ‘ಹಸೀನಾ’ ಎಂಬ ಚಿತ್ರವಾಗಿಸಿದ್ದಾರೆ, ನೋಡಿದವರಿರಬಹುದು. ಜೀವನಾಂಶಕ್ಕಾಗಿ ಮಸೀದಿಯ ಮುಂದೆ ಮಕ್ಕಳೊಂದಿಗೆ ಬಂದು ಕುಳಿತ ತಾಯಿಯ ಕಥೆಯದು. ಇವುಗಳ ಕುರಿತು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ, ನಾನು ಹೆಚ್ಚು ಹೇಳುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ ಕಥೆ ‘ಬೆಂಕಿ ಮಳೆ’. ಓರ್ವ ಮುತವಲ್ಲಿ ಸಾಹೇಬರ ಬಳಿಗೆ ಅವರ ತಂಗಿ ಬಂದು ತಂದೆಯ ಆಸ್ತಿಯಲ್ಲಿ ತನ್ನ ಪಾಲನ್ನು ಕೇಳುತ್ತಾಳೆ. ಬೇಡುವುದಿಲ್ಲ, ಕೇಳುತ್ತಾಳೆ. ಅದು ಅಲ್ಲಾಹನು ಗೊತ್ತುಪಡಿಸಿದ ಪಾಲು ಎಂಬುದು ಅವಳಿಗೂ ಗೊತ್ತು, ಮಸೀದಿಯ ಆಡಳಿತ ನಡೆಸುವ ಅಣ್ಣನಿಗೂ ಗೊತ್ತು. ಅಣ್ಣನಿಗೆ ಕೋಪ ಉಕ್ಕುತ್ತದೆ. ಅಷ್ಟರಲ್ಲಿಯೇ ಒಂದು ಸುದ್ದಿ ಬರುತ್ತದೆ: ಮೊಹಲ್ಲಾದವನೊಬ್ಬನ ಶವವನ್ನು ಹಿಂದೂಗಳ ಸ್ಮಶಾನದಲ್ಲಿ ಹೂಳಲಾಗಿದೆಯಂತೆ. ಮುತವಲ್ಲಿಯವರಿಗೆ ಜೀವ ಬರುತ್ತದೆ! ಜನ ಸೇರುತ್ತಾರೆ, ಅರ್ಜಿಗಳು ಹೋಗುತ್ತವೆ, ಸಮುದಾಯದ ಗೌರವದ ಪ್ರಶ್ನೆ ಎದ್ದು ನಿಲ್ಲುತ್ತದೆ. ತಂಗಿಯ ಪಾಲಿನ ಪ್ರಶ್ನೆ ಆ ಗದ್ದಲದಲ್ಲಿ ಮುಳುಗುತ್ತದೆ. ಆ ಶವದ ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಹೇಳಿ ನಿಮ್ಮ ಓದನ್ನು ಕೆಡಿಸಲಾರೆ.

ನಮ್ಮ ಮನೆಯಲ್ಲಿ ಈ ಕಥೆಯನ್ನು ನನಗಿಂತ ಮೊದಲು ಓದಿ ಮುಗಿಸಿದವಳು ಅಣ್ಣನ ಮಗಳು, ಬಿ.ಕಾಂ. ಓದುತ್ತಿರುವ ಹುಡುಗಿ. ಪುಸ್ತಕವನ್ನು ನನ್ನ ಕೈಗಿಡುತ್ತಾ ಅವಳು, ‘ಚಾಚಾ, ತಲಾಖ್ ಬಗ್ಗೆ, ಪರದೆಯ ಬಗ್ಗೆ ಖುತ್ಬಾ ಆಗಿದೆ ಅಂತ ನೀವೇ ಮನೆಗೆ ಬಂದು ಹೇಳುತ್ತೀರಿ. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಖುತ್ಬಾ ಆದದ್ದನ್ನು ಯಾವತ್ತಾದರೂ ಹೇಳಿದ್ದೀರಾ?’ ಎಂದು ಕೇಳಿದಳು. ನಾನು ಕೇಳಿದ್ದಿದ್ದರೆ ತಾನೇ ಹೇಳುವುದು? ಅಂಥ ಖುತ್ಬಾ ನಮ್ಮ ಮೊಹಲ್ಲಾದಲ್ಲಿ ನನ್ನ ಕಿವಿಗೆ ಬಿದ್ದಿಲ್ಲ.

ಈ ವಿಷಯವನ್ನು ಸ್ವಲ್ಪ ವಿವರಿಸಲು ಅನುಮತಿ ಕೊಡಿ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 7ನೆಯ ಸೂಕ್ತವು, ಸೊತ್ತು ಕಡಿಮೆಯಿರಲಿ ಹೆಚ್ಚಿರಲಿ, ಹೆತ್ತವರು ಹಾಗೂ ಹತ್ತಿರದ ಬಂಧುಗಳು ಬಿಟ್ಟುಹೋದುದರಲ್ಲಿ ಗಂಡಸರಿಗೆ ಪಾಲಿರುವಂತೆಯೇ ಹೆಂಗಸರಿಗೂ ಪಾಲಿದೆ ಎಂದು ಸಾರುತ್ತದೆ. 11 ಮತ್ತು 12ನೆಯ ಸೂಕ್ತಗಳು ಯಾರಿಗೆ ಎಷ್ಟು ಎಂಬುದನ್ನು ಲೆಕ್ಕವಾಗಿ ಹೇಳುತ್ತವೆ. ನಮಾಝಿನ ರಕಅತ್‌ಗಳ ಸಂಖ್ಯೆಯನ್ನೇ ಕುರ್‌ಆನ್ ಹೀಗೆ ಎಣಿಸಿ ಹೇಳಿಲ್ಲ, ಪಾಲಿನ ಲೆಕ್ಕವನ್ನು ಹೇಳಿದೆ. ಅದರ ಬೆನ್ನಿಗೇ ಇವು ಅಲ್ಲಾಹನ ಮೇರೆಗಳು ಎಂಬ ಎಚ್ಚರಿಕೆಯೂ ಇದೆ. ಇನ್ನು ನಾವು ಶರೀಅತ್ ರಕ್ಷಣೆಯ ಸಭೆಗಳಲ್ಲಿ ಎದೆಯುಬ್ಬಿಸಿ ಹೇಳುವ 1937ರ ಶರೀಅತ್ ಕಾಯ್ದೆ ಏಕೆ ಬಂತು? ರೂಢಿಯ ಹೆಸರಿನಲ್ಲಿ ಮುಸ್ಲಿಂ ಮಹಿಳೆಯರ ವಾರಸು ಹಕ್ಕನ್ನು ಕಸಿಯಲಾಗುತ್ತಿತ್ತು. ಮಹಿಳಾ ಸಂಘಟನೆಗಳು ಆ ರೂಢಿಯನ್ನು ಖಂಡಿಸಿ ಶರೀಅತ್ ಅನ್ವಯವಾಗಬೇಕೆಂದು ಒತ್ತಾಯಿಸಿದ್ದವು ಎಂಬುದು ಆ ಮಸೂದೆಯ ಉದ್ದೇಶಗಳ ಹೇಳಿಕೆಯಲ್ಲಿಯೇ ದಾಖಲಾಗಿದೆ. ಆದರೂ ಕಾಯ್ದೆಯು ಅಂಗೀಕಾರವಾಗುವಾಗ ಕೃಷಿ ಭೂಮಿಯನ್ನು ಹೊರಗಿಟ್ಟಿತು. ಅಂದಿನ ಭಾರತದಲ್ಲಿ ಆಸ್ತಿ ಎಂದರೆ ಬಹುಪಾಲು ಕೃಷಿ ಭೂಮಿಯೇ ಆಗಿತ್ತು ಎಂಬುದನ್ನು ನೆನಪಿಸಿಕೊಂಡರೆ ಆ ಒಂದು ಮಾತಿನ ತೂಕ ಎಷ್ಟೆಂದು ತಿಳಿದೀತು.

ಬಾನು ಅವರ ಕಥೆಗಳ ಬಗ್ಗೆ ನಮ್ಮಲ್ಲಿ ಒಂದು ಆಕ್ಷೇಪವಿದೆ. ನಮ್ಮ ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆದರೆ ನಮ್ಮನ್ನು ದ್ವೇಷಿಸುವವರ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ ಎಂಬುದು. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾರಾ ಅಬೂಬಕ್ಕರ್ ಅವರು 80ರ ದಶಕದಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗಲೂ ಇದೇ ಮಾತು ಬಂದಿತ್ತು. ಕೋಲು ಹುಡುಕುವವರು ಇದ್ದಾರೆ ಎಂಬುದು ನಿಜ. ನಮ್ಮ ಹೆಣ್ಣುಮಕ್ಕಳ ಶಿರವಸ್ತ್ರದ ಕಾರಣಕ್ಕೆ 2022ರಲ್ಲಿ ಕಾಲೇಜುಗಳ ಗೇಟು ಮುಚ್ಚಿದಾಗ ಸುಮ್ಮನಿದ್ದವರು, ನಮ್ಮ ಹೆಣ್ಣುಮಕ್ಕಳ ಕಣ್ಣೀರಿನ ಕಥೆ ಎಂದೊಡನೆ ಕರವಸ್ತ್ರ ತೆಗೆದದ್ದನ್ನೂ ನಾವು ಕಂಡಿದ್ದೇವೆ.

ಆದರೆ ಆ ಲೇಖಕಿಯ ಪಾಡನ್ನೂ ನೋಡಿ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದು ಹೇಳಿದ್ದಕ್ಕೆ 2000ದಲ್ಲಿ ನಮ್ಮವರೇ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದರು. 2025ರಲ್ಲಿ ರಾಜ್ಯ ಸರಕಾರ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಆಹ್ವಾನಿಸಿದಾಗ ಆಚೆಯವರು ಬೀದಿಗಿಳಿದರು, ಹೈಕೋರ್ಟಿಗೆ ಹೋದರು, ಅಲ್ಲಿ ಅರ್ಜಿ ವಜಾ ಆದ ಮೇಲೆ ಸುಪ್ರೀಂ ಕೋರ್ಟಿಗೂ ಹೋದರು. ಅಲ್ಲಿಯೂ ಅದು ನಿಲ್ಲಲಿಲ್ಲ. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಇದೇ ದಸರೆಯನ್ನು ಉದ್ಘಾಟಿಸಿದ್ದರು ಎಂಬುದು ಕೂಡ ಅವರಿಗೆ ನೆನಪಾಗಲಿಲ್ಲ. ಸ್ವಸಮುದಾಯದ ತಪ್ಪುಗಳನ್ನು ಮೂರು ದಶಕ ಕಾಲ ಬರೆದ ಮಹಿಳೆಗೆ ದ್ವೇಷಿಸುವವರಿಂದ ಸಿಕ್ಕಿದ ರಿಯಾಯಿತಿ ಇಷ್ಟು. ಹಾಗಿದ್ದ ಮೇಲೆ, ಬರೆಯದೆ ಬಚ್ಚಿಟ್ಟರೆ ದ್ವೇಷ ಕಡಿಮೆಯಾದೀತು ಎಂಬ ಲೆಕ್ಕಾಚಾರಕ್ಕೆ ಆಧಾರವೇನು? ಕೋಲು ಬೇಕಾದವನು ಅದನ್ನು ಎಲ್ಲಿಂದಲಾದರೂ ಮುರಿದುಕೊಳ್ಳುತ್ತಾನೆ. ಪಾಲು ಸಿಗಬೇಕಾದ ತಂಗಿಗೆ ಮಾತ್ರ ನಮ್ಮಿಂದಲ್ಲದೆ ಬೇರೆಲ್ಲಿಂದಲೂ ಪಾಲು ಸಿಗಲಾರದು.

ಕಥೆಗಳ ವಿಷಯದಲ್ಲಿ ನನಗೊಂದು ತಕರಾರೂ ಇದೆ. ಬಾನು ಅವರ ಗಂಡಸರಲ್ಲಿ ಬಹುತೇಕರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದಾರೆ. ಒಳಗೊಳಗೆ ನಾಚಿಕೊಳ್ಳುವ, ಆದರೆ ಧೈರ್ಯ ಸಾಲದ ಅಣ್ಣತಮ್ಮಂದಿರನ್ನು ನಾನು ಕಂಡಿದ್ದೇನೆ. ಅಂಥವರು ಈ ಪುಟಗಳಲ್ಲಿ ಅಪರೂಪ. ಬಷೀರರಲ್ಲಾದರೋ ಮೂರ್ಖರ ಮೇಲೂ ಪ್ರೀತಿ ಹುಟ್ಟುತ್ತದೆ. ಇದು ಓದುಗನ ರುಚಿಯ ಮಾತು, ನೀವು ಒಪ್ಪಬೇಕೆಂದೇನೂ ಇಲ್ಲ.

ಮೂರನೆಯದು ಸಾಚಾರ್ ಸಮಿತಿಯ ವರದಿ. ನಿವೃತ್ತ ನ್ಯಾಯಮೂರ್ತಿ ರಾಜೀಂದರ್ ಸಾಚಾರ್ ಅಧ್ಯಕ್ಷತೆಯ ಸಮಿತಿ 2005ರ ಮಾರ್ಚಿನಲ್ಲಿ ರಚನೆಯಾಗಿ, 2006ರ ನವೆಂಬರಿನಲ್ಲಿ ವರದಿ ಸಲ್ಲಿಸಿತು. ಸುಮಾರು 400 ಪುಟಗಳು. ಅರ್ಧದಷ್ಟು ಕೋಷ್ಟಕಗಳೇ ಎನ್ನಬಹುದು. ಓದಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ದೇಶದ್ರೋಹಿಗಳು ಎಂಬ ಹಣೆಪಟ್ಟಿ ಮತ್ತು ತುಷ್ಟೀಕರಣಕ್ಕೆ ಒಳಗಾದವರು ಎಂಬ ಹಣೆಪಟ್ಟಿ, ಇವೆರಡನ್ನೂ ಮುಸ್ಲಿಮರು ಒಟ್ಟೊಟ್ಟಿಗೇ ಹೊರಬೇಕಾಗಿದೆ ಎಂದು ಅದು ಆರಂಭದಲ್ಲಿಯೇ ಗುರುತಿಸುತ್ತದೆ. ಬಳಿಕ ಅಂಕಿ ಅಂಶಗಳು. 2001ರ ಜನಗಣತಿಯ ಪ್ರಕಾರ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 13.4, ಐ.ಎ.ಎಸ್. ಅಧಿಕಾರಿಗಳಲ್ಲಿ ಶೇ. 3, ಐ.ಪಿ.ಎಸ್.ನಲ್ಲಿ ಶೇ. 4. ದೇಶದ ಸರಾಸರಿ ಸಾಕ್ಷರತೆ ಶೇ. 65.1 ಇದ್ದಾಗ ನಮ್ಮದು ಶೇ. 59.1. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ ಅಥವಾ ಅರ್ಧದಲ್ಲಿ ಬಿಟ್ಟಿದ್ದರು. ನಮ್ಮ ಮಕ್ಕಳೆಲ್ಲ ಮದ್ರಸಾಗಳಿಗೇ ಹೋಗುತ್ತಾರೆ ಎಂಬ ಪ್ರಚಾರಕ್ಕೆ ವರದಿ ಕೊಟ್ಟ ಉತ್ತರವೂ ಅಂಕಿಯಲ್ಲಿಯೇ ಇದೆ: ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸಾಕ್ಕೆ ಹೋಗುವವರು ಬರೀ ಶೇ. 3.

ಈ ಅಂಕಿಗಳನ್ನು ನೀವು ಕೇಳಿರುತ್ತೀರಿ. ನಮ್ಮ ಮುಖಂಡರಿಗೆ ಕಂಠಪಾಠವಾಗಿರುವ ಭಾಗವಿದು, ಏಕೆಂದರೆ ಇದು ಸರಕಾರದ ಕಡೆಗೆ ಬೆರಳು ತೋರಿಸುತ್ತದೆ. ತೋರಿಸಲೇಬೇಕು. ಆದರೆ ಹನ್ನೊಂದನೆಯ ಅಧ್ಯಾಯವನ್ನು ಓದಿದವರು ಕಡಿಮೆ. ಅದು ವಕ್ಫ್ ಕುರಿತಾದುದು. ದೇಶದಲ್ಲಿ ನೋಂದಾಯಿತವಾದ ವಕ್ಫ್ ಆಸ್ತಿಗಳು 4.9 ಲಕ್ಷ, ವಿಸ್ತೀರ್ಣ ಸುಮಾರು 6 ಲಕ್ಷ ಎಕರೆ, ಮಾರುಕಟ್ಟೆ ಬೆಲೆ ಅಂದಾಜು 1.2 ಲಕ್ಷ ಕೋಟಿ ರೂಪಾಯಿ ಎಂದು ಸಮಿತಿ ಲೆಕ್ಕ ಹಾಕಿತ್ತು. ಅವುಗಳಿಂದ ಬರುತ್ತಿದ್ದ ವಾರ್ಷಿಕ ಆದಾಯವೆಷ್ಟು? 163 ಕೋಟಿ! ಸರಿಯಾಗಿ ನಿರ್ವಹಿಸಿ ಶೇ. 10ರ ಆದಾಯ ಗಳಿಸಿದ್ದರೂ ವರ್ಷಕ್ಕೆ 12,000 ಕೋಟಿ ಆಗುತ್ತಿತ್ತು ಎಂದು ವರದಿ ಹೇಳುತ್ತದೆ. ವಕ್ಫ್ ಭೂಮಿಯನ್ನು ಸರಕಾರಿ ಇಲಾಖೆಗಳೇ ಆಕ್ರಮಿಸಿಕೊಂಡಿರುವ ನಿದರ್ಶನಗಳನ್ನೂ ಅದು ಮರೆಮಾಚದೆ ಕೊಟ್ಟಿದೆ. 2025ರ ವಕ್ಫ್ ತಿದ್ದುಪಡಿ ಮಸೂದೆ ಬಂದಾಗ ಮಂಡಿಸಿದವರೂ ವಿರೋಧಿಸಿದವರೂ ಸಾಚಾರ್ ಹೆಸರನ್ನೇ ಎತ್ತಿದರು. ಒಂದೇ ಪುಸ್ತಕದ ಒಂದೊಂದು ಹಾಳೆಯನ್ನು ಒಬ್ಬೊಬ್ಬರು ಹರಿದುಕೊಂಡು ಹೋದಂತೆ. ಎರಡು ದಶಕಗಳ ಹಿಂದೆ ಈ ಅಧ್ಯಾಯವನ್ನು ನಾವು ಪ್ರತಿ ಮೊಹಲ್ಲಾದಲ್ಲಿ ಕುಳಿತು ಓದಿ, ನಮ್ಮ ಮುತವಲ್ಲಿಗಳಿಂದ ಲೆಕ್ಕ ಕೇಳಿದ್ದರೆ, ಆ ಮಸೂದೆಯನ್ನು ಎದುರಿಸುವಾಗ ನಮ್ಮ ಧ್ವನಿಗೆ ಇನ್ನಷ್ಟು ಬಲವಿರುತ್ತಿತ್ತು ಎಂದೇ ನಾನು ನಂಬಿದ್ದೇನೆ.

ಕೊನೆಯದಾಗಿ ಬೇಗಂ ರೊಕೆಯಾ. ಈಗ ಬಾಂಗ್ಲಾದೇಶಕ್ಕೆ ಸೇರಿದ ರಂಗಪುರದ ಪಾಯರಾಬಂದ್ ಎಂಬಲ್ಲಿ 1880ರಲ್ಲಿ ಜನಿಸಿದವರು. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಂಗಾಲಿ, ಇಂಗ್ಲಿಷ್ ಕಲಿಸುವ ಪದ್ಧತಿಯಿರಲಿಲ್ಲ. ಅಣ್ಣನೇ ರಾತ್ರಿ ಹೊತ್ತು, ಮನೆಮಂದಿ ಮಲಗಿದ ಮೇಲೆ, ಕಲಿಸಿದನು. 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅವರ ‘ಸುಲ್ತಾನಾಳ ಕನಸು’ ಎಂಬ ಇಂಗ್ಲಿಷ್ ಕಥೆ ಪ್ರಕಟವಾಯಿತು. ಅದರಲ್ಲಿ ಗಂಡಸರು ಮನೆಯೊಳಗೆ ಪರದೆಯಲ್ಲಿದ್ದಾರೆ, ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಮೋಡದಿಂದ ನೇರವಾಗಿ ನೀರು ಸೆಳೆಯುತ್ತಾರೆ. ತಮಾಷೆಯ ಕಥೆಯೇ ಸರಿ. ಸೌರಶಕ್ತಿಯ ಮಾತನ್ನು 120 ವರ್ಷಗಳ ಹಿಂದೆ ಓರ್ವ ಪರದಾನಶೀನ್ ಮಹಿಳೆ ಬರೆದಿದ್ದಾರೆ ಎಂಬುದನ್ನು ನಮ್ಮ ಭಾಷಣಕಾರರು ಕಾರ್ಡೋವಾದ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಆದರೆ 1931ರಲ್ಲಿ ಪುಸ್ತಕವಾಗಿ ಬಂದ ಅವರ ‘ಅವರೋಧವಾಸಿನಿ’ ಅಷ್ಟು ಸುಲಭವಾಗಿ ಅರಗುವುದಿಲ್ಲ. ಕಂಡ, ಕೇಳಿದ 47 ಚಿಕ್ಕ ಪ್ರಸಂಗಗಳು. ಒಂದನ್ನು ಮಾತ್ರ ಹೇಳುತ್ತೇನೆ. ಬಿಹಾರದ ಕಿವುಲ್ ನಿಲ್ದಾಣದಲ್ಲಿ ರೈಲು ಬದಲಿಸುವಾಗ ಮಹಿಳೆಯೊಬ್ಬರು, ರೊಕೆಯಾ ಅವರ ಗಂಡನ ಕಡೆಯ ಬಂಧು, ತಮ್ಮದೇ ಬುರ್ಖಾ ಕಾಲಿಗೆ ತೊಡರಿ ರೈಲಿನಡಿಗೆ ಬಿದ್ದರು. ಜೊತೆಗಿದ್ದ ಸೇವಕಿ, ಪರಪುರುಷರು ಮುಟ್ಟಕೂಡದೆಂದು ಯಾರನ್ನೂ ಹತ್ತಿರ ಬರಗೊಡಲಿಲ್ಲ. ಅವಳೊಬ್ಬಳಿಂದ ಎತ್ತಲಾಗಲಿಲ್ಲ. ಅರ್ಧ ಗಂಟೆ ಕಾದ ರೈಲು ಕೊನೆಗೆ ಹೊರಟುಹೋಯಿತು. ಆ ಮಹಿಳೆ ಕೆಲವು ಗಂಟೆಗಳ ಬಳಿಕ ತೀರಿಕೊಂಡರು.

ಈ ರೊಕೆಯಾ ಅವರನ್ನು ಧರ್ಮವಿರೋಧಿ ಎನ್ನಲು ಬರುವುದಿಲ್ಲ. ಸ್ವತಃ ಬುರ್ಖಾ ಧರಿಸುತ್ತಿದ್ದರು, ಅದನ್ನು ಸಮರ್ಥಿಸಿ ಪ್ರಬಂಧವನ್ನೂ ಬರೆದಿದ್ದರು. ಅವರು ವಿರೋಧಿಸಿದ್ದು ಅವರೋಧವನ್ನು, ಎಂದರೆ ಹೆಣ್ಣನ್ನು ಅಕ್ಷರದಿಂದ, ಗಾಳಿ ಬೆಳಕಿನಿಂದ, ಕೊನೆಗೆ ಪ್ರಾಣ ಉಳಿಸುವ ಕೈಯಿಂದಲೂ ದೂರವಿಡುವ ರೂಢಿಯನ್ನು. ಪರದೆ ಬೇರೆ, ಬಂಧನ ಬೇರೆ ಎಂಬ ಈ ವಿವೇಕವನ್ನು ಇಂದು ನಮ್ಮ ಪರ ವಾದಿಸುವವರಲ್ಲಿಯೂ ನಮ್ಮ ವಿರುದ್ಧ ವಾದಿಸುವವರಲ್ಲಿಯೂ ನಾನು ಅಷ್ಟಾಗಿ ಕಾಣುತ್ತಿಲ್ಲ.

1909ರಲ್ಲಿ ಗಂಡ ತೀರಿಕೊಂಡ ಬಳಿಕ ಅವರು ಭಾಗಲ್ಪುರದಲ್ಲಿ ಶಾಲೆ ತೆರೆದಾಗ ಬಂದ ಹುಡುಗಿಯರು ಐವರು. 1911ರಲ್ಲಿ ಅದನ್ನು ಕಲ್ಕತ್ತಾಕ್ಕೆ ಸ್ಥಳಾಂತರಿಸಿದಾಗ ಎಂಟು ಮಂದಿ. ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿ ಹುಡುಗಿಯರನ್ನು ಕರೆತಂದರು. 1932ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಅವರ ಗಂಡನ ಹೆಸರಿನ ಆ ಶಾಲೆ ಕೋಲ್ಕತ್ತಾದಲ್ಲಿ ಇಂದಿಗೂ ನಡೆಯುತ್ತಿದೆ.

ನಮ್ಮ ವಾಚನಾಲಯದ ಸಮಯ ಮಗ್ರಿಬ್‌ನಿಂದ ಇಶಾದವರೆಗೆ. ಗಂಡಸರಿಗೆ ಅದು ಅನುಕೂಲ. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಬರಲಾರರು; ಬಂದರೂ ಕುಳಿತುಕೊಳ್ಳಲು ಜಾಗವಿಲ್ಲ. ನಾನು ಹೇಳಿದ ನಾಲ್ಕೂ ಪುಸ್ತಕಗಳನ್ನು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ, ಸಾಚಾರ್ ವರದಿಯ ಹನ್ನೊಂದನೆಯ ಅಧ್ಯಾಯದ ಐದು ಪ್ರತಿಗಳನ್ನು ಬೇರೆಯಾಗಿಯೇ ತೆಗೆಸಿ ಇಟ್ಟಿದ್ದೇನೆ. ರವಿವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ವಾಚನಾಲಯವನ್ನು ಹೆಣ್ಣುಮಕ್ಕಳಿಗಾಗಿ ತೆರೆಯಬೇಕೆಂದು, ಬೀಗದ ಕೈಯನ್ನು ಅವರಲ್ಲಿಯೇ ಒಬ್ಬರಿಗೆ ಕೊಡಬೇಕೆಂದು ಕೋರಿ ಹದಿನೇಳು ಮಂದಿ ಸಹಿ ಮಾಡಿದ ಮನವಿಯೊಂದು ಸಮಿತಿಯ ಮುಂದಿದೆ. ಅಧ್ಯಕ್ಷರು ಇಲ್ಲಿಯೇ ಇದ್ದಾರೆ, ಸಹಿ ಹಾಕಿದವರು ಪರದೆಯ ಆಚೆ ಕುಳಿತು ಕೇಳುತ್ತಿದ್ದಾರೆ. ಉತ್ತರವನ್ನು ಅವರು ಇದೇ ಸಭೆಯಲ್ಲಿ ಕೊಡಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.